ಪವಿತ್ರ ತಲೆ ಎತ್ತಿ ರಿಂಗ್ ನೋಡಿದ ದಿನ

ಹೋದ ತಿಂಗಳು ಕೊಳ್ಳೇಗಾಲದ ನ್ಯಾಯಾಲಯದಿಂದ ಸಮನ್ಸ್ ಬಂತು. ಆರು ವರ್ಷದ ಹಿಂದೆ ನಾನೇ ಅಳೆದು ಕಲ್ಲು ನೆಟ್ಟಿದ್ದ ಧನಗೆರೆಯ ಒಂದು ಜಮೀನಿನ ತಗಾದೆ ಇನ್ನೂ ಮುಗಿದಿಲ್ಲವಂತೆ, ಸರ್ವೆಯರ್ ಬಂದು ಸಾಕ್ಷಿ ಹೇಳಬೇಕಂತೆ. ಹೋದೆ. ಕಟಕಟೆಯಲ್ಲಿ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಹನ್ನೆರಡಕ್ಕೆಲ್ಲ ಮುಗಿಯಿತು. ಮೈಸೂರಿನ ಬಸ್ಸು ಹಿಡಿಯಬಹುದಿತ್ತು, ಕಾಲು ಯಾಕೋ ಹಳೇ ಮೈದಾನದ ಕಡೆ ಹೋಯಿತು. ಮಳೆ ಆಗಷ್ಟೇ ನಿಂತಿತ್ತು. ಬ್ಯಾಸ್ಕೆಟ್‌ಬಾಲ್ ಅಂಕಣದ ಒದ್ದೆ ಸಿಮೆಂಟಿನ ವಾಸನೆ, ಸವೆದ ಚೆಂಡಿನ ರಬ್ಬರಿನ ವಾಸನೆ, ಹಿಂದಿನ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ನಾತ, ಮೂರೂ ಒಟ್ಟಿಗೆ ಮೂಗಿಗೆ ಹೊಡೆದವು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಮೆಟ್ಟಿಲಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ.

ಸರ್ವೆಯರ್ ಕೆಲಸ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಈ ಕೆಲಸದಲ್ಲಿ ಸ್ನೇಹಿತರು ಆಗೋದಿಲ್ಲ. ನಾನು ಕೊಳ್ಳೇಗಾಲಕ್ಕೆ ಬಂದ ಮೊದಲ ತಿಂಗಳಲ್ಲೇ ಧನಗೆರೆಗೆ ಅಳತೆಗೆ ಹೋಗಿದ್ದೆ. ಅಣ್ಣತಮ್ಮಂದಿರ ಜಮೀನು. ಬಿಸಿಲಿಗೆ ಬಾಯಿ ಒಣಗಿತ್ತು, ಅಣ್ಣನ ಮನೆಯವರು ಒಂದು ಲೋಟ ಮಜ್ಜಿಗೆ ಕೊಟ್ಟರು, ಕುಡಿದೆ. ಅಷ್ಟೇ. ತಮ್ಮನ ಹೆಂಡತಿ ಬದುವಿನ ಆ ಕಡೆಯಿಂದ, "ಮಜ್ಗೆ ಕುಡುದ್ಮೇಲೆ ಅಳ್ತೆ ಚೈನು ಯಾವ ಕಡೆ ಎಳೀತದ ಅಂತ ನಮ್ಗೂ ಗೊತ್ತು ಕಣ್ಸಾ" ಅಂದಳು. ಕೂಗಲಿಲ್ಲ, ಸುಮ್ಮನೆ ಅಂದಳು. ಅಲ್ಲಿಂದಾಚೆ ನಾನು ಯಾವ ಊರಲ್ಲೂ ನೀರು ಸಹ ಮುಟ್ಟಲಿಲ್ಲ. ಬ್ಯಾಗಿನಲ್ಲಿ ನನ್ನದೇ ಬಾಟಲಿ. ಯಾರ ಜೊತೆಗೂ ನಿಂತು ಮಾತಾಡುತ್ತಿರಲಿಲ್ಲ. ಯಾರು ಏನು ಕೇಳಿದರೂ, "ಎಲ್ಲಾ ಕಾಗದದಲ್ಲಿ ಬರೀತೀನಿ" ಅನ್ನೋದು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನಾಲಿಗೆ ಆ ಒಂದೇ ವಾಕ್ಯಕ್ಕೆ ಪಳಗಿಹೋಗಿತ್ತು.

ಮನೆಯಲ್ಲಾದರೂ ಮಾತಾಡೋಣ ಅಂದರೆ ಮನೆಯಲ್ಲಿ ಯಾರಿದ್ದರು? ನಾನು ಮತ್ತು ನನ್ನ ಹೆಂಡತಿ ಅದಕ್ಕೆ ಎರಡು ವರ್ಷ ಮೊದಲೇ ಬೇರೆಯಾಗಿದ್ದೆವು. ಜಗಳವೇನಲ್ಲ. ಅವಳಿಗೆ ನನ್ನ ಮೌನ ಸಾಕಾಗಿತ್ತು, ನೇರವಾಗಿ ಹಾಗೇ ಹೇಳಿ ಹೋದಳು. ಮೈದಾನದ ಪಕ್ಕದ ಮಹಡಿಯಲ್ಲಿ ಒಂದು ರೂಮು ಹಿಡಿದಿದ್ದೆ. ಸಂಜೆ ಐದಕ್ಕೆ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ಮಡಚಿಟ್ಟ ಲುಂಗಿ ಮಡಚಿಟ್ಟ ಹಾಗೇ ಇರುತ್ತಿತ್ತು. ಅದನ್ನು ನೋಡಲಾರದೆ ಕೆಳಗಿಳಿದು ಮೆಟ್ಟಿಲ ಮೇಲೆ ಕೂತುಕೊಳ್ಳುತ್ತಿದ್ದೆ. ಎದುರಿಗೆ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಆಟ ಅಂದರೆ ನನಗೆ ಏನೇನೂ ಗೊತ್ತಿರಲಿಲ್ಲ. ಜನ ಓಡಾಡುವುದು ಕಂಡರೆ ಸಾಕಾಗಿತ್ತು.

ಪವಿತ್ರ ನನ್ನ ಕಣ್ಣಿಗೆ ಬಿದ್ದದ್ದು ತಪ್ಪು ಕಾರಣಕ್ಕೆ. ಹತ್ತು ಹುಡುಗಿಯರಲ್ಲಿ ಅವಳೇ ಗಿಡ್ಡಿ. ಅಣ್ಣನದೋ ಯಾರದೋ ದೊಗಳೆ ಅಂಗಿ, ಎಣ್ಣೆ ಹಾಕಿ ಮಡಚಿ ಕಟ್ಟಿದ ಜಡೆ. ಚೆಂಡು ಕೈಗೆ ಬಂದರೆ ಸಾಕು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ತಕ್ಷಣ ಇನ್ನೊಬ್ಬರಿಗೆ ದಾಟಿಸುವಳು. ಒಂದು ಸಲವೂ ರಿಂಗಿನ ಕಡೆ ತಲೆ ಎತ್ತಿ ನೋಡಳು. ಪಾಪ, ಹೆದರಿಕೆ, ಯಾರೋ ಬಲವಂತಕ್ಕೆ ಸೇರಿಸಿದ್ದಾರೆ ಅಂದುಕೊಂಡೆ. ಆಟ ಹೇಳಿಕೊಡುತ್ತಿದ್ದವರು ನಂಜುಂಡ ಮೇಷ್ಟ್ರು, ನಿವೃತ್ತರಾದ ಡ್ರಿಲ್ ಮೇಷ್ಟ್ರು. ಒಂದು ದಿನ ಅವರೇ ನನ್ನ ಪಕ್ಕ ಬಂದು ಕೂತಾಗ ಕೇಳಿಯೂಬಿಟ್ಟೆ. "ಆ ಗಿಡ್ಡಿ ಯಾಕೆ ಮೇಷ್ಟ್ರೇ ತಾನು ಒಂದೂ ಹಾಕಲ್ಲ? ಭಯವಾ?"

ಮೇಷ್ಟ್ರು ಹೊಟ್ಟೆ ಕುಲುಕಿಸಿ ನಕ್ಕರು. "ಅವ್ಳು ಪಾಯಿಂಟ್ ಗಾರ್ಡು ಕಣ್ರಿ. ಚೆಂಡ ಮುಂದುಕ್ಕ ತಂದು ಯಾರ್ಗ ಕೊಡ್ಬೇಕು ಅಂತ ತೀರ್ಮಾನ ಮಾಡೋಳು ಅವ್ಳೇಯ. ನೀವು ಚೆಂಡ್ನೇ ನೋಡ್ತಿದ್ದೀರಿ. ಚೆಂಡು ಓಗಿ ಸೇರೋ ಜಾಗ ನೋಡಿ. ಒಂದ್ವಾರ ನೋಡ್ಬುಟ್ಟು ಆಮೇಲ್ ನಂಗೇಳಿ."

ಒಂದು ವಾರ ಬೇಕಾಗಲಿಲ್ಲ. ಮೂರನೇ ದಿನಕ್ಕೇ ಕಂಡಿತು. ಅವಳು ಚೆಂಡು ಎಸೆಯುತ್ತಿದ್ದದ್ದು ಯಾರಿಗೂ ಅಲ್ಲ, ಖಾಲಿ ಜಾಗಕ್ಕೆ. ಎಸೆದ ಮೇಲೆ ಆ ಖಾಲಿ ಜಾಗಕ್ಕೆ ಒಬ್ಬಳು ಓಡಿ ಬರುತ್ತಿದ್ದಳು, ಚೆಂಡು ಕೈಯಲ್ಲಿ ಕೂತಿರುತ್ತಿತ್ತು. ನನ್ನ ಕಸುಬಿನಲ್ಲಿ ಎರಡು ಕಲ್ಲಿನ ನಡುವೆ ಗೆರೆ ಎಳೆಯಬೇಕಾದರೆ ಎರಡೂ ಕಲ್ಲು ನೆಟ್ಟಗೆ ನಿಂತಿರಬೇಕು. ಈ ಹುಡುಗಿ ಓಡಾಡುವ ಕಲ್ಲುಗಳ ನಡುವೆ ಗೆರೆ ಎಳೆಯುತ್ತಿದ್ದಳು, ಅದೂ ನೋಡದೆ. ಕಣ್ಣು ಎಡಕ್ಕೆ, ಚೆಂಡು ಬಲಕ್ಕೆ. ರೂಮಿಗೆ ಓಡಿಹೋಗಿ ಅರ್ಧ ಬರೆದು ಬಿಟ್ಟಿದ್ದ ಒಂದು ಅಳತೆ ಪುಸ್ತಕ ತಂದೆ. ಅವಳು ನಿಂತ ಜಾಗಕ್ಕೆ ಒಂದು ಸೊನ್ನೆ, ಚೆಂಡಿನ ದಾರಿಗೆ ಚುಕ್ಕಿಗೆರೆ, ಸೇರಿದ ಜಾಗಕ್ಕೆ ಒಂದು ಗುಣಾಕಾರ ಚಿಹ್ನೆ. ಅವತ್ತಿನಿಂದ ಪ್ರತಿ ಸಂಜೆ ಬರೆದೆ. ನಲವತ್ತೇಳು ವರ್ಷದ ಗಂಡಸು ಮೆಟ್ಟಿಲ ಮೇಲೆ ಕೂತು ಹುಡುಗಿಯೊಬ್ಬಳ ಪಾಸುಗಳ ನಕ್ಷೆ ಬರೆಯುತ್ತಾನೆ ಅಂದರೆ ನೋಡಿದವರು ಏನಂದಾರು ಅಂತ ಮೊದಮೊದಲು ಅಳುಕಿತ್ತು. ಮೇಷ್ಟ್ರು ಒಂದು ದಿನ ಪುಸ್ತಕ ಇಸಿದುಕೊಂಡು ತಿರುವಿ ನೋಡಿ, ಹುಡುಗಿಯರಿಗೆಲ್ಲ ತೋರಿಸಿ, "ನೋಡ್ರವ್ವ, ಸರ್ಕಾರವೇ ಅಳತೆ ಮಾಡ್ತಾ ಅದ" ಅಂದರು. ಎಲ್ಲ ನಕ್ಕರು. ಅಳುಕು ಹೋಯಿತು.

ಆಗಸ್ಟಿನ ಒಂದು ಸಂಜೆ ಮಳೆ ಹಿಡಿದು ಆಟ ನಿಂತಿತು. ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹತ್ತಿರದಲ್ಲೇ ಇದ್ದ ಪವಿತ್ರಳ ಮನೆಗೆ ಹೋದರು. ನೇಕಾರರ ಮನೆ. ನಡುಮನೆ ತುಂಬ ಮಗ್ಗ, ಮನುಷ್ಯರು ಗೋಡೆಗೆ ಒರಗಿಕೊಂಡು ಓಡಾಡಬೇಕು. ಅವಳಪ್ಪ ರಾಮಶೆಟ್ಟರು ಸೀರೆ ನೇಯುತ್ತಿದ್ದರು. ಪವಿತ್ರ ಒದ್ದೆ ಜಡೆ ಹಿಂಡಿಕೊಂಡವಳೇ ಹೋಗಿ ಮಗ್ಗದ ಎಡಗಡೆ ಕೂತಳು. ಆ ಸೀರೆಗೆ ಮೈ ಒಂದು ಬಣ್ಣ, ಅಂಚು ಇನ್ನೊಂದು. ಮೈಗೆ ಅಡ್ಡನೂಲು ಹೊತ್ತ ಒಂದು ಲಾಳಿ, ಎರಡು ಅಂಚಿಗೆ ಎರಡು. ಎಡಗಡೆಯ ಅಂಚಿನ ಲಾಳಿ ಎಸೆಯೋಕೆ ಇನ್ನೊಬ್ಬರು ಬೇಕೇ ಬೇಕು. ಎಂಟನೇ ವಯಸ್ಸಿನಿಂದ ಅದು ಅವಳ ಜಾಗವಂತೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಲಾಳಿ ಬರುತ್ತದೆ, ಇವಳ ಲಾಳಿ ಹೋಗುತ್ತದೆ, ಇವಳ ಕಣ್ಣು ಮಾತ್ರ ಎರಡರ ಮೇಲೂ ಇಲ್ಲ.

"ಲಾಳಿ ನೋಡೋದೇ ಇಲ್ವಲ್ಲಮ್ಮ" ಅಂದೆ.

"ಲಾಳಿ ನೋಡುದ್ರ ಲಾಳಿ ತಪ್ತದ ಸಾ. ಅಪ್ಪನ ಮೊಳಕೈ ನೋಡ್ತೀನಿ. ಮೊಳಕೈ ಎದ್ರ ಆ ಕಡೆಯಿಂದ ಲಾಳಿ ಬತ್ತದ ಅಂತ. ಆಗ ನಂದ ಕೊಡದು. ಅಷ್ಟೇಯ."

ಅಷ್ಟೇಯ ಅಂದಳು, ಅವಳ ಆಟವೆಲ್ಲ ನನಗೆ ಅಲ್ಲಿ ಅರ್ಥವಾಯಿತು. ಅವಳಮ್ಮ ಕಾಫಿ ತಂದರು. ಅಭ್ಯಾಸ ಬಲ, ನನ್ನ ಕೈ ಬೇಡ ಅಂತ ಎದ್ದಿತು. ಧನಗೆರೆಯ ಮಜ್ಜಿಗೆ ಕತೆಯನ್ನು ಮೇಷ್ಟ್ರಿಗೆ ಹೇಳಿದ್ದೆ, ಅವರು ಊರಿಗೆಲ್ಲ ಹಂಚಿದ್ದರು ಅಂತ ಕಾಣುತ್ತೆ. ಪವಿತ್ರ ಮಗ್ಗದ ಆ ಕಡೆಯಿಂದ, "ನಮ್ಗ ಒಂದ್ಗೇಣು ಜಮೀನೂ ಇಲ್ಲ ಸಾ. ಧೈರ್ಯವಾಗಿ ಕುಡೀರಿ" ಅಂದಳು. ನಾನು ನಕ್ಕೆ. ಕೊಳ್ಳೇಗಾಲಕ್ಕೆ ಬಂದ ಮೇಲೆ ಇನ್ನೊಬ್ಬರ ಮನೆಯಲ್ಲಿ ಕುಡಿದ ಮೊದಲ ಕಾಫಿ ಅದು. 

ಅವತ್ತೇ ವಿಷಯ ತಿಳಿದದ್ದು. ನವೆಂಬರಿನಲ್ಲಿ ಯಳಂದೂರಿನಲ್ಲಿ ಒಂದು ಪಂದ್ಯ. ಅದನ್ನು ನೋಡೋಕೆ ಮೈಸೂರಿನ ಒಂದು ಕ್ರೀಡಾ ಹಾಸ್ಟೆಲಿನಿಂದ ಜನ ಬರುತ್ತಾರೆ. ಅವರು ಆರಿಸಿಕೊಂಡರೆ ಊಟ, ವಸತಿ, ಡಿಗ್ರಿ ಓದು, ಆಟ, ಎಲ್ಲ ಅಲ್ಲೇ. ಪವಿತ್ರಳಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೇ ವರ್ಷ. ರಾಮಶೆಟ್ಟರು ದಾರ ಗಂಟು ಹಾಕುತ್ತಲೇ ಹೇಳಿದರು: "ಆರಿಸ್ಕಂಡ್ರ ಓಗ್ಲಿ ಸಾ, ನಾ ಅಡ್ಡ ಬರಕಿಲ್ಲ. ಇಲ್ದಿದ್ರ ನಂಗ ಭುಜ ಎತ್ತಕ್ಕಾಯ್ತಿಲ್ಲ, ಮಗ್ಗಕ್ಕ ಅವ್ಳೇ ಕೂರ್ಬೇಕಾಯ್ತದ." ಪವಿತ್ರ ಅಪ್ಪನ ಮೊಳಕೈ ನೋಡುತ್ತ ಕೂತಿದ್ದಳು.

ಅಲ್ಲಿಂದ ನನಗೆ ನಿದ್ದೆಯಲ್ಲೂ ಅದೇ ಚಿಂತೆ. ನನ್ನದಲ್ಲದ ಮಗುವಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ ಅಂತ ಈಗ ಕೇಳಿದರೆ ಹೇಳಬಲ್ಲೆ. ನನ್ನ ಬದುಕಿನಲ್ಲಿ ಆಗ ನಡೆಯುತ್ತಿದ್ದದ್ದು ಅದೊಂದೇ.

ಅಕ್ಟೋಬರಿನಲ್ಲಿ ಹನೂರಿಗೆ ಒಂದು ಸ್ನೇಹಪಂದ್ಯಕ್ಕೆ ಹೋದರು. ನಾನು ರಜೆ ಹಾಕಿ ಅದೇ ಬಸ್ಸಿನಲ್ಲಿ ಹೋದೆ. ಸಂತೆ ದಿನ, ಸಂತೆಗೆ ಬಂದವರೆಲ್ಲ ಚೀಲ ಸಮೇತ ಮೈದಾನದ ಸುತ್ತ ನಿಂತಿದ್ದರು. ಹನೂರಿನ ಮಾದೇವಿ ನಮ್ಮ ತಂಡದಲ್ಲೇ ಆಡುತ್ತಿದ್ದಳು, ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಹೋಗುವ ಉದ್ದನೆಯ ಹುಡುಗಿ. ರಿಂಗಿನ ಕೆಳಗೆ ನಿಂತು ಕೈ ಎತ್ತುವುದು ಅವಳ ಕೆಲಸ. ಎತ್ತಿದ ಕೈಗೆ ಚೆಂಡು ಇಡುವುದು ಪವಿತ್ರಳ ಕೆಲಸ. ಆ ದಿನ ಪವಿತ್ರ ಆಡಿದ ಆಟವನ್ನು ನಾನು ಹದಿನಾಲ್ಕು ಹಾಳೆ ಬರೆದೆ. ಒಂದು ಸಲ ಇಬ್ಬರು ಅವಳನ್ನು ಮುತ್ತಿಕೊಂಡರು, ಅವಳು ನೇರವಾಗಿ ನನ್ನ ಕಡೆ ನೋಡಿದಳು, ನನಗೇ ಎಸೆಯುತ್ತಾಳೇನೋ ಅಂತ ನಾನು ಕೈ ಮುಂದೆ ಮಾಡಿದೆ. ಚೆಂಡು ಅವಳ ಬೆನ್ನ ಹಿಂದಿನಿಂದ ಹೋಗಿ ಮಾದೇವಿಯ ಕೈ ಸೇರಿತ್ತು. ಜನರೆಲ್ಲ "ಮಾದೇವಿ, ಮಾದೇವಿ" ಅಂತ ಕೂಗಿದರು. ಪಂದ್ಯ ಮುಗಿದ ಮೇಲೆ ಅಂಕದ ಹಾಳೆ ನೋಡಿದೆ. ಮಾದೇವಿಯ ಹೆಸರಿನ ಮುಂದೆ ಗೀಟುಗಳ ಸಾಲು. ಪವಿತ್ರಳ ಹೆಸರಿನ ಮುಂದೆ ಸೊನ್ನೆ. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ. ಅವಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಕಡ್ಲೆಕಾಯಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದಳು, ಕೊನೆಗೆ ತನಗೆ ಉಳಿದದ್ದು ಸಿಪ್ಪೆ.

ಸೊನ್ನೆ ನನ್ನನ್ನು ಬಿಡಲಿಲ್ಲ. ನಾನು ಕಾಗದದ ಮನುಷ್ಯ. ಕಾಗದದಲ್ಲಿ ಇಲ್ಲದ್ದು ಭೂಮಿ ಮೇಲೆ ಇದ್ದರೂ ಇಲ್ಲ ಅಂತ ಇಪ್ಪತ್ತು ವರ್ಷ ಜನರಿಗೆ ಹೇಳಿಕೊಂಡು ಬಂದವನು. ಯಳಂದೂರಿನ ಪಂದ್ಯದ ಹಿಂದಿನ ಸಂಜೆ, ಮೇಷ್ಟ್ರು ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ಪವಿತ್ರ ಮೆಟ್ಟಿಲ ಹತ್ತಿರ ನೀರು ಕುಡಿಯೋಕೆ ಬಂದಳು. ಇಡೀ ಮಳೆಗಾಲ ಬಾಯಿ ಮುಚ್ಚಿಕೊಂಡಿದ್ದವನಿಗೆ ಆ ದಿನವೇ ಬಾಯಿ ಬರಬೇಕೆ?

"ನಾಳೆ ನೀನೇ ಹಾಕಮ್ಮ" ಅಂದೆ. "ಬಂದವರು ಅಂಕದ ಹಾಳೆ ನೋಡ್ತಾರೆ. ಸೊನ್ನೆ ಇದ್ದವಳನ್ನ ಯಾರು ಕರ್ಕೊಂಡು ಹೋಗ್ತಾರೆ?"

ಅವಳು ಬಾಟಲಿ ಕೆಳಗಿಟ್ಟಳು. "ಮೇಷ್ಟ್ರು ಅಂಗೇಳಿಲ್ವಲ್ಲ ಸಾ."

"ಮೇಷ್ಟ್ರು ಹಳೇ ಕಾಲದವರು. ಈಗೆಲ್ಲ ಕಾಗದ ನೋಡೋದು."

ನನ್ನ ಕೈಲಿದ್ದ ಅಳತೆ ಪುಸ್ತಕ ನೋಡಿದಳು. ಆಮೇಲೆ, "ನೀವು ದಿನಾ ಬರ್ಕಳವ್ರು ಸಾ. ನಿಮ್ಗ ಗೊತ್ತಿರ್ತದ" ಅಂದಳು. ನನಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಒಬ್ಬರು ನನ್ನ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ.

ಯಳಂದೂರಿನಲ್ಲಿ ಬೆಳಿಗ್ಗೆಯಿಂದ ಮೋಡ. ಬಿಳಿಗಿರಿರಂಗನ ಬೆಟ್ಟದ ಮೇಲರ್ಧ ಕಾಣುತ್ತಲೇ ಇರಲಿಲ್ಲ. ಹಾಸ್ಟೆಲಿನಿಂದ ಬಂದವರು ಒಬ್ಬರೇ, ನಡುವಯಸ್ಸಿನ ಮೇಡಂ, ಕೈಯಲ್ಲಿ ಒಂದು ಛತ್ರಿ. ಆಟ ಶುರುವಾಯಿತು. ಪವಿತ್ರ ಚೆಂಡು ಬಡಿಯುತ್ತ ಬಂದಳು, ತಲೆ ಎತ್ತಿ ರಿಂಗ್ ನೋಡಿದಳು. ಅಷ್ಟು ತಿಂಗಳಲ್ಲಿ ಅವಳು ರಿಂಗ್ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಎಸೆದಳು, ಬಿತ್ತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಆ ಒಂದು ಬೀಳದೇ ಹೋಗಿದ್ದರೆ ಚೆನ್ನಾಗಿತ್ತು. ಎರಡನೆಯದು ಕಬ್ಬಿಣಕ್ಕೆ ಬಡಿದು ಹೊರಗೆ. ಮೂರನೆಯದು ಹೊರಗೆ. ನಾಲ್ಕನೆಯದನ್ನು ಎದುರಿನವಳು ಎಗರಿ ಕಿತ್ತುಕೊಂಡಳು. ಮಾದೇವಿ ರಿಂಗಿನ ಕೆಳಗೆ ಕೈ ಎತ್ತಿಕೊಂಡು ನಿಂತೇ ಇದ್ದಳು. ಮೇಷ್ಟ್ರು ಗೆರೆಯಾಚೆಯಿಂದ, "ಕೊಡು ಪವಿ, ಕೊಡವ್ವ" ಅನ್ನುತ್ತಿದ್ದರು. ಪವಿತ್ರ ಮೇಷ್ಟ್ರ ಕಡೆ ನೋಡಲಿಲ್ಲ, ನನ್ನ ಕಡೆ ಒಮ್ಮೆ ನೋಡಿದಳು, ಮತ್ತೆ ಎಸೆದಳು. ಎರಡನೇ ಅರ್ಧದಲ್ಲಿ ಮಾದೇವಿ ಕೈ ಎತ್ತೋದನ್ನೇ ಬಿಟ್ಟಳು. ಕೆಳಗೆ ಬಿದ್ದ ಚೆಂಡು ತಾನೇ ಹೆಕ್ಕಿಕೊಂಡು ಹಾಕತೊಡಗಿದಳು. ನಾವು ಸೋತೆವು. ಆ ದಿನದ ಹಾಳೆಯಲ್ಲಿ ನಾನು ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಪಂದ್ಯ ಮುಗಿದ ಮೇಲೆ ಮೇಡಂ ಮೇಷ್ಟ್ರ ಹತ್ತಿರ ಬಂದರು. ನಾನು ಅವರಿಂದ ಎಂಟು ಅಡಿ ದೂರದಲ್ಲಿದ್ದೆ. ಅಂದಾಜಿನ ಮಾತಲ್ಲ, ಅಳೆಯೋ ಕಣ್ಣು ನನ್ನದು. "ನಮಗೆ ಬೇಕಿದ್ದದ್ದು ಪಾಯಿಂಟ್ ಗಾರ್ಡು ಮೇಷ್ಟ್ರೇ" ಅಂದರು. "ನೋಡದೇ ಪಾಸ್ ಕೊಡ್ತಾಳೆ ಅಂತ ನೀವು ಬರೆದಿದ್ರಿ, ಅದಕ್ಕೇ ನಾನು ಬಂದದ್ದು. ಈ ಹುಡುಗಿ ಯಾರಿಗೂ ಕೊಡೋದೇ ಇಲ್ವಲ್ಲ. ಹಾಕೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ." ಮೇಷ್ಟ್ರು, "ಇವತ್ ಏನಾಯ್ತೋ ಗೊತ್ತಿಲ್ಲ ಮೇಡಂ" ಅಂತಷ್ಟೇ ಅಂದರು.

ಏನಾಯಿತು ಅಂತ ಗೊತ್ತಿದ್ದವನು ನಾನೊಬ್ಬ. ನನ್ನ ಬ್ಯಾಗಿನಲ್ಲಿ ಅವಳು ಇಡೀ ಮಳೆಗಾಲ ಕೊಟ್ಟ ಅಷ್ಟೂ ಪಾಸು ಇತ್ತು. ಕೈ ಬ್ಯಾಗಿನೊಳಗೆ ಹೋಯಿತು. ಪುಸ್ತಕದ ರಟ್ಟು ಬೆರಳಿಗೆ ತಾಕಿತು. ಇದನ್ನು ನೋಡಿ ಮೇಡಂ, ಇವತ್ತಿನ ತಪ್ಪು ನನ್ನದು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಯಾರ ಪರವಾಗಿಯೂ ಬಾಯಿ ಬಿಡದ ಅಭ್ಯಾಸ ಅಂತ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದಲ್ಲ. ಮೇಷ್ಟ್ರೆದುರು, ಮೇಡಂ ಎದುರು ದಡ್ಡನಾಗೋಕೆ ಹೆದರಿದೆ. ಕೈ ಖಾಲಿಯಾಗಿ ಹೊರಗೆ ಬಂತು. ಯಾರೂ ನೋಡಿಲ್ಲ ಅಂದುಕೊಂಡೆ. ಪವಿತ್ರ ದೂರದಲ್ಲಿ, ನಮಗೆ ಓರೆಯಾಗಿ ಕೂತು, ಬಗ್ಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದಳು.

ಎತ್ತರದ ಹುಡುಗಿ ಇರಲಿ ಅಂತ ಮೇಡಂ ಮಾದೇವಿಯ ಹೆಸರು ಬರೆದುಕೊಂಡು ಹೋದರು. ಪವಿತ್ರ ಆಮೇಲೆ ನಾಲ್ಕು ಸಂಜೆ ಮೈದಾನಕ್ಕೆ ಬಂದಳು, ಐದನೇ ಸಂಜೆ ಬರಲಿಲ್ಲ. ಅವಳ ಜಾಗದಲ್ಲಿ ಆಡೋಕೆ ಒಬ್ಬಳು ಬಂದಳು, ಚೆಂಡನ್ನು ನೋಡಿ ನೋಡಿ ಎಸೆಯುತ್ತಿದ್ದಳು. ನಾನು ಮೆಟ್ಟಿಲಿಗೆ ಹೋಗೋದು ಬಿಟ್ಟೆ. ಜನವರಿಯಲ್ಲಿ ಮೈಸೂರಿಗೆ ವರ್ಗ ಸಿಕ್ಕಿತು. ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. ನೇಕಾರರ ಬೀದಿಗೆ ಹೋಗಲಿಲ್ಲ.

ಹೋದ ತಿಂಗಳು, ಆ ಮೆಟ್ಟಿಲಿಂದ ಎದ್ದು, ಹೋದೆ. ಬಾಗಿಲು ತೆರೆದೇ ಇತ್ತು, ಮಗ್ಗದ ಸದ್ದು ಬೀದಿಗೆ ಕೇಳುತ್ತಿತ್ತು. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಪವಿತ್ರ ಕೂತಿದ್ದಳು. ಎಡಗಡೆ, ಅವಳ ಹಳೇ ಜಾಗದಲ್ಲಿ, ರಾಮಶೆಟ್ಟರು. ಅವರೇ ಮೊದಲು ಗುರುತು ಹಿಡಿದು, "ಬನ್ನಿ ಸರ್ವೇಯರ್ ಸಾ, ಕುಂತ್ಕಳಿ" ಅಂದರು. ಪವಿತ್ರ ತಲೆ ಎತ್ತಿ ನಕ್ಕಳು. ಮುಖ ಸ್ವಲ್ಪ ದುಂಡಗಾಗಿದೆ. ಮಾದೇವಿ ಈಗ ಎಲ್ಲೋ ಕೆಲಸದಲ್ಲಿದ್ದಾಳಂತೆ, ಆಟದ ಕೋಟಾದಲ್ಲಿ ಸಿಕ್ಕಿತಂತೆ. ಹೊಟ್ಟೆಕಿಚ್ಚಿಲ್ಲದೆ ಹೇಳಿದಳು. ಅಮ್ಮ ಕಾಫಿ ತಂದರು. "ಈಗ್ಲೂ ಜಮೀನಿಲ್ಲ ಸಾ, ಕುಡೀರಿ" ಅಂದಳು.

ಪುಸ್ತಕ ಆ ಬ್ಯಾಗಿನಲ್ಲೇ ಇತ್ತು, ಆರು ವರ್ಷದಿಂದ. ತೆಗೆದು ಕೊಟ್ಟೆ. ಕೈ ಒರೆಸಿಕೊಂಡು ಹಾಳೆ ತಿರುವಿದಳು. ಹನೂರಿನ ಹಾಳೆಯಲ್ಲಿ ನಿಂತು, "ಇದು ತಪ್ಪು ಸಾ, ಅಲ್ಲಿ ನಾ ಎಡಗೈಲಿ ಕೊಟ್ಟಿದ್ದು" ಅಂದಳು. ಆಗ ಹೇಳಿಬಿಟ್ಟೆ. ಆ ದಿನ ಮೇಡಂ ಅಂದದ್ದು ನನಗೆ ಕೇಳಿಸಿತ್ತು, ಈ ಪುಸ್ತಕ ಬ್ಯಾಗಿನಲ್ಲಿತ್ತು, ನಾನು ತೆಗೆಯಲಿಲ್ಲ, ನಿನಗೆ ಹಾಕು ಅಂದವನು ನಾನು ಅಂತಲೂ ಬಾಯಿ ಬಿಡಲಿಲ್ಲ ಅಂದೆ. ಬೆಳಿಗ್ಗೆ ಕಟಕಟೆಯಲ್ಲಿ ತಡವರಿಸದ ನಾಲಿಗೆ ಅಲ್ಲಿ ತೊದಲಿತು.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟಳು.

"ಗೊತ್ತು ಸಾ. ಹಾಕಿದ್ದು ನಾನು, ಅದ್ಕ ನಿಮ್ ತಪ್ಪು ಅನ್ನಕಿಲ್ಲ. ಆಮೇಲ ನೀವು ಬ್ಯಾಗ್ಗ ಕೈ ಆಕಿದ್ರಿ. ನಾ ದಾರ ಕಟ್ಕತಿದ್ದೆ, ಕಂಡೆ. ನಿಮ್ಮ ಮೊಳಕೈ ಎದ್ದಿತ್ತು ಸಾ. ಮೊಳಕೈ ಎದ್ದದಲ್ಲ, ಲಾಳಿ ಬತ್ತದ ಅಂತ ಕಾದೆ." ಲಾಳಿ ಕೈಗೆತ್ತಿಕೊಂಡು, "ಬರ್ನಿಲ್ಲ" ಅಂದಳು.

ಅಷ್ಟು ಹೇಳಿ ಮಗ್ಗಕ್ಕೆ ತಿರುಗಿದಳು. ಅವಳ ಮೊಳಕೈ ಎದ್ದಿತು, ಲಾಳಿ ಹೋಯಿತು, ಎಡಗಡೆಯಿಂದ ರಾಮಶೆಟ್ಟರು ತಮ್ಮ ಲಾಳಿ ಕೊಟ್ಟರು. ಕಾಫಿ ಆರಿ ಕೆನೆ ಕಟ್ಟಿತ್ತು. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಪುಸ್ತಕವನ್ನು ಬ್ಯಾಗಿನೊಳಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.